ಕಾಲುವೆಗೆ ಹೋದ ಜಮೀನಿಗೆ ಒಂದು ದಾರಿ, ಹೆದ್ದಾರಿಗೆ ಹೋದದ್ದಕ್ಕೆ ಇನ್ನೊಂದು

ಸಕಲೇಶಪುರ ತಾಲ್ಲೂಕಿನಲ್ಲಿ ಎರಡು ದೊಡ್ಡ ಯೋಜನೆಗಳು ಹಾದುಹೋಗಿವೆ. ಒಂದು, ಬೆಂಗಳೂರು–ಮಂಗಳೂರು ರಾಷ್ಟ್ರೀಯ ಹೆದ್ದಾರಿ 75ರ ಹಾಸನ–ಮಾರನಹಳ್ಳಿ ಭಾಗದ ಚತುಷ್ಪಥ ಕಾಮಗಾರಿ. ಇನ್ನೊಂದು ಎತ್ತಿನಹೊಳೆ ನೀರಿನ ಯೋಜನೆಯ ಕಾಲುವೆ. ಎರಡಕ್ಕೂ ಕಾಫಿ ತೋಟ ಹೋಗಿದೆ, ಗದ್ದೆ ಹೋಗಿದೆ, ಮನೆಯ ಹಿತ್ತಲು ಹೋಗಿದೆ. ಮಣ್ಣು ಅದೇ, ಮಳೆ ಅದೇ, ಪಹಣಿ ಕೊಡುವ ನಾಡಕಚೇರಿಯೂ ಅದೇ. ಆದರೆ ಕೊಟ್ಟ ಪರಿಹಾರ ಸಾಲದು ಎಂದು ಇಬ್ಬರು ರೈತರು ತಕರಾರು ತೆಗೆದರೆ ಇಬ್ಬರೂ ಹೋಗಬೇಕಾದ ಬಾಗಿಲು ಮಾತ್ರ ಬೇರೆ ಬೇರೆ.

ಕಾಲುವೆಗೆ ಜಮೀನು ಬಿಟ್ಟವರಿಗೆ ಅನ್ವಯವಾಗುವುದು 2013ರ ಭೂಸ್ವಾಧೀನ ಕಾಯ್ದೆ. ಅವರ ತಕರಾರನ್ನು ಕೇಳುವುದು ಜಿಲ್ಲಾ ನ್ಯಾಯಾಧೀಶರ ದರ್ಜೆಯವರು ಅಥವಾ ಅನುಭವಿ ವಕೀಲರು ಕೂರಬಹುದಾದ ಪ್ರಾಧಿಕಾರ. ಅದರ ಮೇಲೆ ಹೈಕೋರ್ಟಿಗೆ ಮೇಲ್ಮನವಿ. ಹೆದ್ದಾರಿಗೆ ಬಿಟ್ಟವರಿಗೆ 1956ರ ರಾಷ್ಟ್ರೀಯ ಹೆದ್ದಾರಿ ಕಾಯ್ದೆ. ಅಲ್ಲಿ ತಕರಾರು ಹೋಗುವುದು ಕೇಂದ್ರ ಸರ್ಕಾರ ನೇಮಿಸುವ ಮಧ್ಯಸ್ಥಗಾರರ ಮುಂದೆ, ಎಂದರೆ ಸಾಮಾನ್ಯವಾಗಿ ಜಿಲ್ಲಾಧಿಕಾರಿಯ ಮುಂದೆ. ಜಿಲ್ಲೆಯಲ್ಲಿ ಕಾಮಗಾರಿ ಏಕೆ ಕುಂಟುತ್ತಿದೆ ಎಂದು ಬೆಳಿಗ್ಗೆ ಪ್ರಗತಿ ಪರಿಶೀಲನಾ ಸಭೆಯಲ್ಲಿ ಕೇಳುವ ಅಧಿಕಾರಿಯೇ ಮಧ್ಯಾಹ್ನ ರೈತನ ಬೆಲೆಯನ್ನು ತೂಗಿ ನೋಡಬೇಕು. ಜಿಲ್ಲಾಧಿಕಾರಿಗಳ ಪ್ರಾಮಾಣಿಕತೆಯ ಬಗ್ಗೆ ನನಗೆ ಅನುಮಾನವಿಲ್ಲ. ಅವರನ್ನು ಆ ಕುರ್ಚಿಯಲ್ಲಿ ಕೂರಿಸಿದ ಕಾನೂನಿನ ಬಗ್ಗೆ ಇದೆ.

ಹೆದ್ದಾರಿ ವಿಷಯಕ್ಕೆ ಆಮೇಲೆ ಬರೋಣ. ಮೊದಲು ಒಂದು ಮೂಲಭೂತ ಪ್ರಶ್ನೆ. ಹೇಮಾವತಿ ನಾಲೆ, ಯಗಚಿ, ರೈಲು ಮಾರ್ಗ, ಕೈಗಾರಿಕಾ ಪ್ರದೇಶ, ಯಾವುದನ್ನೇ ತೆಗೆದುಕೊಂಡರೂ ಹಾಸನ, ಚಿಕ್ಕಮಗಳೂರು ಜಿಲ್ಲೆಗಳಲ್ಲಿ ಭೂಸ್ವಾಧೀನದ ಬೆನ್ನಿಗೇ ಎಲ್‌ಎಸಿ ಕೇಸುಗಳು, ಅಂದರೆ ಹೆಚ್ಚಿನ ಪರಿಹಾರ ಕೇಳುವ ಭೂಸ್ವಾಧೀನ ಪ್ರಕರಣಗಳು, ಬಂದೇ ಬರುತ್ತವೆ. ಅಧಿಕಾರಿ ನಿಗದಿ ಮಾಡಿದ ಬೆಲೆ ನ್ಯಾಯಾಲಯದಲ್ಲಿ ಏರುವುದು ಎಷ್ಟು ಮಾಮೂಲಿ ಎಂದರೆ, ಮೊದಲ ಐತೀರ್ಪನ್ನು, ಅಂದರೆ ಅಧಿಕಾರಿ ಪರಿಹಾರ ನಿಗದಿಪಡಿಸುವ ಆದೇಶವನ್ನು, ಯಾರೂ ಕೊನೆಯ ಬೆಲೆ ಎಂದು ಭಾವಿಸುವುದೇ ಇಲ್ಲ. ಹೀಗೇಕೆ?

ವಿಶೇಷ ಭೂಸ್ವಾಧೀನಾಧಿಕಾರಿಯ ಜಾಗದಲ್ಲಿ ನಿಂತು ನೋಡಿದರೆ ಉತ್ತರ ಸಿಗುತ್ತದೆ. ಅವರು ಎಕರೆಗೆ ಹೆಚ್ಚು ಬೆಲೆ ಬರೆದರೆ ಲೆಕ್ಕಪರಿಶೋಧನೆಯ ಆಕ್ಷೇಪಣೆ ಬರುತ್ತದೆ, ಯಾರ ಜೊತೆಯೋ ಕೈಜೋಡಿಸಿದ್ದಾರೆ ಎಂಬ ಮಾತು ಬರುತ್ತದೆ, ವಿಚಾರಣೆಯ ಭಯ ನಿವೃತ್ತಿಯವರೆಗೂ ಕಾಡುತ್ತದೆ. ಕಡಿಮೆ ಬರೆದರೆ? ಏನೂ ಆಗುವುದಿಲ್ಲ. ರೈತ ಕೋರ್ಟಿಗೆ ಹೋಗುತ್ತಾನೆ, ಹತ್ತು ವರ್ಷದ ನಂತರ ನ್ಯಾಯಾಧೀಶರು ಹೆಚ್ಚಿಸುತ್ತಾರೆ, ಆಗ ಆ ಕುರ್ಚಿಯಲ್ಲಿ ಬೇರೆ ಯಾರೋ ಇರುತ್ತಾರೆ. ಕಡಿಮೆ ಬರೆಯುವುದರಲ್ಲಿ ದುರುದ್ದೇಶ ಇರಬೇಕೆಂದೇನೂ ಇಲ್ಲ. ಅಧಿಕಾರಿಗೆ ಸುರಕ್ಷಿತವಾದ ದಾರಿ ಅದೊಂದೇ. ಹೀಗಾಗಿ ಬೆಲೆ ಕಟ್ಟುವ ನಿಜವಾದ ಕಚೇರಿ ನ್ಯಾಯಾಲಯವಾಗಿದೆ. ಅಲ್ಲಿಯವರೆಗೆ ಕಾಯಬಲ್ಲವನಿಗೆ ಒಂದು ಬೆಲೆ, ಕಾಯಲಾಗದವನಿಗೆ ಇನ್ನೊಂದು.

ಈ ಸುರಕ್ಷತೆಯ ಖರ್ಚು ಸರ್ಕಾರದ ಖಜಾನೆಗೆ ಎಷ್ಟು ಬೀಳುತ್ತದೆ ಎಂಬುದನ್ನು ಒಂದು ಕಾಲ್ಪನಿಕ ಲೆಕ್ಕ ಹಾಕಿ ನೋಡಬಹುದು. 1894ರ ಹಳೆಯ ಕಾಯ್ದೆಯಡಿ ಒಂದು ಎಕರೆಗೆ ಅಧಿಕಾರಿ 1 ಲಕ್ಷ ರೂಪಾಯಿ ಕೊಟ್ಟರು, ನ್ಯಾಯಾಲಯ ಅದನ್ನು 3 ಲಕ್ಷಕ್ಕೆ ಏರಿಸಿತು ಎಂದುಕೊಳ್ಳಿ. ವ್ಯತ್ಯಾಸ 2 ಲಕ್ಷ. ಅದರ ಮೇಲೆ, ಕಡ್ಡಾಯವಾಗಿ ಜಮೀನು ತೆಗೆದುಕೊಂಡದ್ದಕ್ಕೆ ಕೊಡುವ ಶೇ 30 ಸಾಂತ್ವನ ಧನ, ಅಂದರೆ 60 ಸಾವಿರ. ಪ್ರಾಥಮಿಕ ಅಧಿಸೂಚನೆಯಿಂದ ಐತೀರ್ಪಿನವರೆಗೆ ಎರಡು ವರ್ಷ ಹಿಡಿದಿದ್ದರೆ ವರ್ಷಕ್ಕೆ ಶೇ 12ರಂತೆ 48 ಸಾವಿರ. ಒಟ್ಟು 3.08 ಲಕ್ಷ. ಇದರ ಮೇಲೆ ಸ್ವಾಧೀನಕ್ಕೆ ಪಡೆದ ಮೊದಲ ವರ್ಷಕ್ಕೆ ಶೇ 9, ನಂತರದ ಪ್ರತಿ ವರ್ಷಕ್ಕೆ ಶೇ 15 ಬಡ್ಡಿ. ಸಾಂತ್ವನ ಧನದ ಮೇಲೂ ಬಡ್ಡಿ ಕೊಡಬೇಕೆಂದು ಸುಪ್ರೀಂ ಕೋರ್ಟ್ 2001ರಲ್ಲೇ ಹೇಳಿದೆ. ಪ್ರಕರಣ ಹನ್ನೆರಡು ವರ್ಷ ನಡೆದರೆ ಬಡ್ಡಿಯೇ 5.35 ಲಕ್ಷ ದಾಟುತ್ತದೆ. ಮೊದಲೇ ಸರಿಯಾದ ಬೆಲೆ ಕಟ್ಟಿದ್ದರೆ 3.08 ಲಕ್ಷಕ್ಕೆ ಮುಗಿಯಬಹುದಾಗಿದ್ದ ವ್ಯತ್ಯಾಸಕ್ಕೆ ಸರ್ಕಾರ ಸುಮಾರು 8.44 ಲಕ್ಷ ಕೊಡುತ್ತದೆ. ನೂರಾರು ಎಕರೆಯ ನಾಲೆಗೆ ಇದನ್ನು ಗುಣಿಸಿದರೆ, ನೀರಾವರಿ ನಿಗಮಗಳು ನ್ಯಾಯಾಲಯದ ಡಿಕ್ರಿಗಳ ಬಗ್ಗೆ ಗೋಳಾಡುವುದು ಏಕೆಂದು ತಿಳಿಯುತ್ತದೆ. ಗೋಳು ನಿಜ, ಆದರೆ ಸಾಲ ಬೆಳೆಸಿದವರು ರೈತರಲ್ಲ.

ಅಧಿಕಾರಿಗೆ ಕಡಿಮೆ ಬೆಲೆ ಬರೆಯಲು ಆಧಾರ ಒದಗಿಸುವವರು ಮಾತ್ರ ನಾವೇ. ಹಳ್ಳಿಯಲ್ಲಿ ಎಕರೆ ಜಮೀನು ಮಾರಾಟವಾಗುವುದು ಒಂದು ಬೆಲೆಗೆ, ಉಪನೋಂದಣಾಧಿಕಾರಿ ಕಚೇರಿಯ ಕ್ರಯಪತ್ರದಲ್ಲಿ ಬರೆಯುವುದು ನೋಂದಣಿಗೆ ಸರ್ಕಾರ ನಿಗದಿ ಮಾಡಿದ ಮಾರ್ಗಸೂಚಿ ಬೆಲೆಯ ಆಸುಪಾಸಿನ ಇನ್ನೊಂದು ಬೆಲೆಗೆ. ಮುದ್ರಾಂಕ ಶುಲ್ಕ ಉಳಿಯಿತು ಎಂದು ಖುಷಿಪಟ್ಟ ಆ ಕ್ರಯಪತ್ರವೇ ಐದು ವರ್ಷದ ನಂತರ ಅಕ್ಕಪಕ್ಕದ ಎಲ್ಲರ ಪರಿಹಾರಕ್ಕೂ ಅಳತೆಗೋಲಾಗುತ್ತದೆ. 2013ರ ಕಾಯ್ದೆ ಇದನ್ನು ಸ್ವಲ್ಪ ತಿದ್ದಲು ನೋಡಿದೆ. ಮಾರ್ಗಸೂಚಿ ಬೆಲೆ, ಹಿಂದಿನ ಮೂರು ವರ್ಷಗಳ ಕ್ರಯಪತ್ರಗಳ ಪೈಕಿ ಹೆಚ್ಚು ಬೆಲೆಯ ಅರ್ಧದಷ್ಟರ ಸರಾಸರಿ, ಇವುಗಳಲ್ಲಿ ಯಾವುದು ಹೆಚ್ಚೋ ಅದನ್ನು ತೆಗೆದುಕೊಳ್ಳಬೇಕು. ಖಾಸಗಿ ಕಂಪನಿಗಳ ಅಥವಾ ಖಾಸಗಿ ಸಹಭಾಗಿತ್ವದ ಯೋಜನೆಯಾದರೆ ಒಪ್ಪಿಗೆಯಿಂದ ನಿಗದಿಯಾದ ಮೊತ್ತವನ್ನೂ ಪರಿಗಣಿಸಬೇಕು. ಹಳೆಯ ಕಾಯ್ದೆಯಡಿ ಮಾರ್ಗಸೂಚಿ ಪಟ್ಟಿಯನ್ನು ಬೆಲೆಗೆ ಆಧಾರವೆಂದೇ ನ್ಯಾಯಾಲಯಗಳು ಒಪ್ಪುತ್ತಿರಲಿಲ್ಲ. ಈಗ ಅದು ಕನಿಷ್ಠ ಮಟ್ಟವಾಗಿದೆ. ಆದ್ದರಿಂದ ಪಟ್ಟಿ ಪರಿಷ್ಕರಣೆಯಾದ ದಿನಾಂಕಕ್ಕೂ ಮಹತ್ವ ಬಂದಿದೆ. ರಾಜ್ಯದಲ್ಲಿ 2023ರ ಅಕ್ಟೋಬರ್ 1ರಿಂದ ಹೊಸ ಮಾರ್ಗಸೂಚಿ ಬೆಲೆ ಜಾರಿಗೆ ಬಂತು. ಅದರ ಹಿಂದಿನ ತಿಂಗಳು ಅಧಿಸೂಚನೆಯಾದ ಜಮೀನಿಗೂ ನಂತರದ ತಿಂಗಳು ಆದದ್ದಕ್ಕೂ ಲೆಕ್ಕ ಶುರುವಾಗುವ ಮೆಟ್ಟಿಲೇ ಬೇರೆ.

ಇನ್ನು ಮಲೆನಾಡಿನ ಕಾಫಿ ತೋಟದ ಬೆಲೆ. ಇದು ಬಯಲುಸೀಮೆಯ ಖುಷ್ಕಿ ಜಮೀನಿನ ಲೆಕ್ಕಕ್ಕೆ ಬಗ್ಗುವುದಿಲ್ಲ, ಹೆಚ್ಚು ಜಗಳ ಇರುವುದೂ ಇಲ್ಲಿಯೇ. ಜಂಟಿ ಅಳತೆಗೆ ಬರುವ ದಿನ ಭೂಮಾಪಕರು, ಯೋಜನೆಯ ಎಂಜಿನಿಯರ್, ತೋಟಗಾರಿಕೆ ಇಲಾಖೆಯವರು, ಅರಣ್ಯ ಇಲಾಖೆಯವರು ಎಲ್ಲರೂ ತೋಟದೊಳಗೆ ಇಳಿಯುತ್ತಾರೆ. ಅರೇಬಿಕಾ ಎಷ್ಟು, ರೋಬಸ್ಟಾ ಎಷ್ಟು, ಯಾವ ವಯಸ್ಸಿನ ಗಿಡ ಎಂದು ಒಬ್ಬರು ಬರೆದುಕೊಳ್ಳುತ್ತಾರೆ. ಸಿಲ್ವರ್ ಓಕ್ ಮರದ ಸುತ್ತಳತೆಯನ್ನು ಇನ್ನೊಬ್ಬರು ಟೇಪು ಹಿಡಿದು ಅಳೆಯುತ್ತಾರೆ. ಆ ಮರಕ್ಕೆ ಹಬ್ಬಿದ ಕಾಳುಮೆಣಸಿನ ಬಳ್ಳಿ ತೋಟಗಾರಿಕೆಯವರ ಪಟ್ಟಿಗೆ ಸೇರಬೇಕು, ಮರ ಅರಣ್ಯದವರ ಪಟ್ಟಿಗೆ. ಮಳೆ ಹಿಡಿದ ದಿನ, ಜಿಗಣೆ ಕಾಲಿಗೆ ಹತ್ತುತ್ತಿರುವಾಗ ಈ ಎಣಿಕೆ ಎಷ್ಟು ಶ್ರದ್ಧೆಯಿಂದ ನಡೆಯುತ್ತದೆ ಎಂಬುದನ್ನು ಮಲೆನಾಡಿನವರಿಗೆ ಹೇಳಬೇಕಾಗಿಲ್ಲ. ಬಳ್ಳಿ ಎರಡೂ ಪಟ್ಟಿಯಿಂದ ತಪ್ಪಿಹೋದರೆ ಅದು ಇರಲೇ ಇಲ್ಲ ಎಂದೇ ಮುಂದಿನ ಕಡತಗಳೆಲ್ಲ ಹೇಳುತ್ತವೆ. ಹತ್ತು ವರ್ಷದ ನಂತರ ಪಾಟಿಸವಾಲಿನಲ್ಲಿ ಸರ್ಕಾರಿ ವಕೀಲರು ತೋರಿಸುವುದು ಆ ಜಂಟಿ ಅಳತೆ ವರದಿಯನ್ನು, ಅದರ ಕೆಳಗಿರುವ ರೈತನ ಸಹಿಯನ್ನು. ಆಗ ತೋಟದ ಜಾಗದಲ್ಲಿ ನೀರು ಹರಿಯುತ್ತಿರುತ್ತದೆ. ಇದ್ದ ಗಿಡವನ್ನು ಕಾಫಿ ಸಂಸ್ಕರಿಸುವ ಕ್ಯೂರಿಂಗ್ ವರ್ಕ್ಸ್‌ನ ಬಿಲ್ಲು, ಕಾಫಿ ಮಂಡಳಿಯ ದಾಖಲೆ ಹಿಡಿದು ಸಾಬೀತುಪಡಿಸಬೇಕು. ಬಿಲ್ಲು ಇಟ್ಟುಕೊಂಡಿದ್ದರೆ ಪುಣ್ಯ.

ಇದರಲ್ಲಿ ಒಂದು ಕಾನೂನಿನ ತೊಡಕೂ ಇದೆ. ತೋಟದ ವಾರ್ಷಿಕ ನಿವ್ವಳ ಆದಾಯವನ್ನು ಒಂದು ಗುಣಕದಿಂದ, ಸಾಮಾನ್ಯವಾಗಿ ಹತ್ತರಿಂದ, ಗುಣಿಸಿ ಬೆಲೆ ಕಟ್ಟುವ ಪದ್ಧತಿ ಉಂಟು. ಹೀಗೆ ಫಸಲಿನ ಲೆಕ್ಕದಲ್ಲಿ ಬೆಲೆ ಪಡೆದರೆ ಅದರ ಮೇಲೆ ಭೂಮಿಗೆ ಬೇರೆ, ಫಲ ಕೊಡುವ ಗಿಡಕ್ಕೆ ಬೇರೆ ಎಂದು ಮತ್ತೆ ಕೇಳುವಂತಿಲ್ಲ. 2011ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟಪಡಿಸಿದೆ. ಕ್ರಯಪತ್ರದ ಆಧಾರದಲ್ಲಿ ಬರಿ ನೆಲದ ಬೆಲೆ ಪಡೆದರೆ ಮರಗಿಡಕ್ಕೆ ಪ್ರತ್ಯೇಕವಾಗಿ ಕೇಳಬಹುದು. ಅರಸೀಕೆರೆಯ ತೆಂಗು, ತರೀಕೆರೆಯ ಅಡಿಕೆ, ಮೂಡಿಗೆರೆಯ ಕಾಫಿ, ಮೂರಕ್ಕೂ ಲಾಭದ ದಾರಿ ಒಂದೇ ಆಗಿರುವುದಿಲ್ಲ. ಆ ವರ್ಷದ ಕಾಫಿ ದರ ಪಾತಾಳದಲ್ಲಿದ್ದರೆ ಆದಾಯದ ಲೆಕ್ಕ ಹಿಡಿದವನು ಮುಳುಗಿದಂತೆ.

ಲೆಕ್ಕಕ್ಕೆ ಬಾರದೆ ಹೋಗುವ ದೊಡ್ಡ ನಷ್ಟ ಇನ್ನೊಂದಿದೆ. ಐದು ಎಕರೆ ತೋಟದ ನಡುವೆ ಇಪ್ಪತ್ತು ಗುಂಟೆ ಜಾಗದಲ್ಲಿ ಕಾಲುವೆ ಹೋಯಿತು ಎಂದುಕೊಳ್ಳಿ. ಕಣ ಈಚೆ, ಪಲ್ಪರ್ ಮನೆ ಈಚೆ, ಕಾರ್ಮಿಕರ ಲೈನ್ ಮನೆ ಮತ್ತು ಅರ್ಧ ತೋಟ ಆಚೆ. ಪರಿಹಾರ ಬರುವುದು ಇಪ್ಪತ್ತು ಗುಂಟೆಗೆ. ಆಚೆಯ ಎರಡು ಎಕರೆಗೆ ಗೊಬ್ಬರ ಸಾಗಿಸಲು ಸುತ್ತು ಬಳಸಿ ಹೋಗಬೇಕು, ಕೆರೆಯಿಂದ ನೀರು ಹಾಯಿಸುವ ಪೈಪು ತುಂಡಾಗಿದೆ. ಜಮೀನು ಇಬ್ಭಾಗವಾಗುವುದರಿಂದ ಆಗುವ ಈ ನಷ್ಟಕ್ಕೂ ಪರಿಹಾರ ಕೊಡಬೇಕೆಂದು ಹಳೆಯ ಕಾಯ್ದೆಯ 23ನೇ ಕಲಂ ಹೇಳುತ್ತಿತ್ತು, ಹೊಸ ಕಾಯ್ದೆಯ 28ನೇ ಕಲಂ ಹೇಳುತ್ತದೆ. ಕೇಳಿದವರಿಗೆ ಮಾತ್ರ ಸಿಗುವ ಪರಿಹಾರ ಇದು. ಹಕ್ಕುಕೋರಿಕೆಯ ಅರ್ಜಿಗಳು ಹೆಚ್ಚಾಗಿ ಎಕರೆಗೆ ಇಷ್ಟು ಕೊಡಿ ಎಂಬ ಒಂದೇ ಸಾಲಿನಲ್ಲಿ ನಿಲ್ಲುತ್ತವೆ. ಎತ್ತಿನಹೊಳೆಯ ಗುರುತ್ವ ಕಾಲುವೆಯೇ 250 ಕಿಲೋಮೀಟರ್ ದಾಟುತ್ತದೆ. ಆ ಉದ್ದಕ್ಕೂ ಹೀಗೆ ಸೀಳಿಹೋದ ಜಮೀನುಗಳಿವೆ. 2024ರ ಸೆಪ್ಟೆಂಬರ್ 6ರಂದು ಸಕಲೇಶಪುರ ತಾಲ್ಲೂಕಿನಲ್ಲಿ ಮೊದಲ ಹಂತಕ್ಕೆ ಮುಖ್ಯಮಂತ್ರಿ ಚಾಲನೆ ಕೊಟ್ಟಾಗ ಮುಂದಿನ ಕಾಲುವೆ ಪೂರ್ಣವಾಗಿರಲಿಲ್ಲ, ನೀರನ್ನು ತಾತ್ಕಾಲಿಕವಾಗಿ ವಾಣಿವಿಲಾಸ ಸಾಗರದ ಕಡೆಗೆ ತಿರುಗಿಸಬೇಕಾಯಿತು. ಭೂಮಿಯ ತಕರಾರುಗಳೂ ಆ ವಿಳಂಬದ ಒಂದು ಭಾಗ.

ತೋಟದ ಬದಿಯಲ್ಲೇ ಇನ್ನೊಂದು ವಿಚಿತ್ರವಿದೆ: ಆನೆ ಹಾವಳಿಗೆ ಬೇಸತ್ತ ಹೆತ್ತೂರು ಭಾಗದ ಕೆಲವು ಊರಿನವರು, ಜಮೀನು ತೆಗೆದುಕೊಂಡು ಪರಿಹಾರ ಕೊಡಿ ಎಂದು ತಾವಾಗಿಯೇ ಕೇಳಿಕೊಂಡು ಬಂದಿದ್ದಾರೆ. ಬೇಡ ಎಂದವರ ಜಮೀನು ಹೋಗುತ್ತದೆ, ಬೇಕು ಎಂದವರದ್ದು ಕಡತದಲ್ಲಿ ಕೂರುತ್ತದೆ.

ಈಗ ಅವಧಿಯ ವಿಚಾರ. ಬೆಲೆಯಲ್ಲಿ ಸೋತವರಿಗಿಂತ ದಿನಾಂಕದಲ್ಲಿ ಸೋತವರ ಪಾಡು ಹೆಚ್ಚು ಕಷ್ಟದ್ದು ಎಂಬುದು ನನ್ನ ಅಭಿಪ್ರಾಯ. ಹಳೆಯ ಕಾಯ್ದೆಗೆ ಕರ್ನಾಟಕ ಮಾಡಿಕೊಂಡ ತಿದ್ದುಪಡಿಯ ಪ್ರಕಾರ ಐತೀರ್ಪಿನ ನೋಟಿಸ್ ಸಿಕ್ಕ 90 ದಿನಗಳೊಳಗೆ ರೈತ ಅರ್ಜಿ ಕೊಡಬೇಕು, ಅಧಿಕಾರಿ ಇನ್ನು 90 ದಿನಗಳಲ್ಲಿ ಅದನ್ನು ನ್ಯಾಯಾಲಯಕ್ಕೆ ಕಳಿಸಬೇಕು. ಅಧಿಕಾರಿ ಕಳಿಸದಿದ್ದರೆ? ರೈತ ತಾನೇ ನ್ಯಾಯಾಲಯಕ್ಕೆ ಹೋಗಿ, ಕಳಿಸುವಂತೆ ಆದೇಶಿಸಿ ಎಂದು ಕೇಳಬೇಕು. ಅದಕ್ಕೆ ಮೂರು ವರ್ಷದ ಗಡುವು ಇದೆ, ಅದು ಮೀರಿದರೆ ಹಕ್ಕೇ ಹೋಗುತ್ತದೆ ಎಂದು 1994ರಲ್ಲಿ ಕರ್ನಾಟಕದ್ದೇ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಎಂದರೆ ಕರ್ತವ್ಯ ತಪ್ಪಿದ್ದು ಅಧಿಕಾರಿ, ದಂಡ ತೆತ್ತದ್ದು ರೈತ. ಕಚೇರಿಗೆ ಅರ್ಜಿ ಕೊಟ್ಟು ಸ್ವೀಕೃತಿ ಪಡೆದು, ಇನ್ನು ಸರ್ಕಾರ ನೋಡಿಕೊಳ್ಳುತ್ತದೆ ಎಂದು ಮನೆಯಲ್ಲಿ ಕುಳಿತವರಿಗೆ ಈ ಗಡುವಿನ ಸುಳಿವೂ ಇರುವುದಿಲ್ಲ.

ಹೊಸ ಕಾಯ್ದೆಯಲ್ಲಿ ಐತೀರ್ಪಿನ ಸಮಯದಲ್ಲಿ ಹಾಜರಿದ್ದವರಿಗೆ ಆರು ವಾರ; ಇಲ್ಲದಿದ್ದವರಿಗೆ ನೋಟಿಸ್ ಸಿಕ್ಕ ಆರು ವಾರ ಅಥವಾ ಐತೀರ್ಪಿನಿಂದ ಆರು ತಿಂಗಳು, ಯಾವುದು ಮೊದಲೋ ಅದು. ತಕ್ಕ ಕಾರಣವಿದ್ದರೆ ಜಿಲ್ಲಾಧಿಕಾರಿ ಒಂದು ವರ್ಷದವರೆಗೆ ವಿಳಂಬ ಮನ್ನಿಸಬಹುದು. ಪ್ರಾಧಿಕಾರ ಆರು ತಿಂಗಳಲ್ಲಿ ತೀರ್ಮಾನಿಸಬೇಕೆಂದೂ ಬರೆದಿದೆ. ಬರೆದಿದೆ, ಅಷ್ಟೇ.

ನ್ಯಾಯಾಲಯಕ್ಕೆ ಹೋಗದ ನೆರೆಯವನಿಗೂ ಕಾನೂನು ಒಂದು ಕಿಟಕಿ ತೆರೆದಿಟ್ಟಿದೆ. ಅದೇ ಅಧಿಸೂಚನೆಯ ಜಮೀನಿಗೆ ನ್ಯಾಯಾಲಯ ಬೆಲೆ ಹೆಚ್ಚಿಸಿದರೆ, ಮೂರು ತಿಂಗಳೊಳಗೆ ಅರ್ಜಿ ಕೊಟ್ಟು ತನಗೂ ಅಷ್ಟೇ ಬೆಲೆ ಕೇಳಬಹುದು. ಹಳೆಯ ಕಾಯ್ದೆಯಲ್ಲಿ ಇದು 28ಎ, ಹೊಸದರಲ್ಲಿ 73ನೇ ಕಲಂ. ವಕೀಲರನ್ನು ಹಿಡಿಯಲಾಗದ ಬಡ ರೈತನಿಗೆಂದೇ ಮಾಡಿದ ಅವಕಾಶ. ಆದರೆ ಪಕ್ಕದ ಜಮೀನಿನವನಿಗೆ ತೀರ್ಪು ಬಂತೆಂದು ಇವನಿಗೆ ತಿಳಿಸುವ ಹೊಣೆ ಯಾರ ಮೇಲೂ ಇಲ್ಲ. ಅಣ್ಣತಮ್ಮಂದಿರ ಮಧ್ಯೆ ಮಾತು ನಿಂತಿರುವ ಊರುಗಳಲ್ಲಿ ಮೂರು ತಿಂಗಳು ಸದ್ದಿಲ್ಲದೆ ಕಳೆದುಹೋಗುತ್ತವೆ.

ಅಣ್ಣತಮ್ಮಂದಿರ ಮಾತು ಬಂದದ್ದರಿಂದ ಇದನ್ನೂ ಹೇಳಬೇಕು. ಪಹಣಿಯಲ್ಲಿ ಇನ್ನೂ ತೀರಿಹೋದ ತಾತನ ಹೆಸರಿದೆ, ವಾರಸುದಾರರ ಹೆಸರಿಗೆ ಪೌತಿ ಖಾತೆ ಆಗಿಲ್ಲ, ಪಾಲು ಅಳೆದು ಬೇರ್ಪಡಿಸುವ ಪೋಡಿ ಆಗಿಲ್ಲ. ಯಾರು ಎಷ್ಟು ಗುಂಟೆ ಉಳುತ್ತಿದ್ದಾರೆ ಎಂಬುದು ಊರಿಗೆ ಗೊತ್ತು, ದಾಖಲೆಗೆ ಗೊತ್ತಿಲ್ಲ. ಪರಿಹಾರದ ಚೆಕ್ಕು ಬರುವ ಹೊತ್ತಿಗೆ ಮದುವೆಯಾಗಿ ಹೋದ ಹೆಣ್ಣುಮಕ್ಕಳು ನ್ಯಾಯವಾಗಿಯೇ ಪಾಲು ಕೇಳುತ್ತಾರೆ, ಹಣ ನ್ಯಾಯಾಲಯದಲ್ಲಿ ಠೇವಣಿಯಾಗುತ್ತದೆ, ಅದು ಬೇರೆಯದೇ ಒಂದು ವಿಭಾಗದ ದಾವೆಯಾಗಿ ಬೆಳೆಯುತ್ತದೆ. ಸರ್ಕಾರಿ ಜಮೀನಿನಲ್ಲಿ ದಶಕಗಳಿಂದ ಬಗರ್‌ಹುಕುಂ ಸಾಗುವಳಿ ಮಾಡಿ, ಸಕ್ರಮಕ್ಕೆಂದು ನಮೂನೆ 57ರಲ್ಲಿ ಅರ್ಜಿ ಹಾಕಿ ಕಾದವರಿಗಂತೂ ಭೂಮಿಯ ಬೆಲೆ ಕೇಳುವ ಹಕ್ಕೇ ಗಟ್ಟಿಯಿಲ್ಲ.

ಹೆದ್ದಾರಿಗೆ ಮರಳೋಣ. 1997ರಲ್ಲಿ ಹೆದ್ದಾರಿ ಕಾಯ್ದೆಗೆ ಸೇರಿಸಿದ 3ಜೆ ಕಲಂ, ಭೂಸ್ವಾಧೀನ ಕಾಯ್ದೆಯ ಯಾವುದೂ ಇಲ್ಲಿಗೆ ಅನ್ವಯಿಸುವುದಿಲ್ಲ ಎಂದಿತು. ಹೀಗಾಗಿ ಸಾಂತ್ವನ ಧನವೂ ಇಲ್ಲ, ಆ ಬಡ್ಡಿಯೂ ಇಲ್ಲ. ಅದೇ ಊರಿನಲ್ಲಿ ನಾಲೆಗೆ ಜಮೀನು ಹೋದವನಿಗೆ ಇವೆರಡೂ ಇದ್ದವು. 2019ರ ಸೆಪ್ಟೆಂಬರ್ 19ರಂದು ತರ್ಸೇಮ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ಭೇದವನ್ನು ಅಸಾಂವಿಧಾನಿಕ ಎಂದಿತು. ತೀರ್ಪು ಮುಂದಿನ ಪ್ರಕರಣಗಳಿಗೆ ಮಾತ್ರ ಅನ್ವಯಿಸಲಿ ಎಂದು ಹೆದ್ದಾರಿ ಪ್ರಾಧಿಕಾರ ಮತ್ತೆ ಹೋದಾಗ 2025ರ ಫೆಬ್ರುವರಿ 4ರಂದು ಅದನ್ನೂ ನಿರಾಕರಿಸಿತು. 2015ರ ಜನವರಿ 1ರಿಂದ ಆಚೆಗೆ ಹೊಸ ಕಾಯ್ದೆಯ ಪರಿಹಾರದ ಲೆಕ್ಕವೇ, ಶೇ 100 ಸಾಂತ್ವನ ಧನ ಸೇರಿ, ಹೆದ್ದಾರಿಗೂ ಬಂದಿದೆ. ಮೊತ್ತದ ಭೇದ ಹೀಗೆ ಬಹಳಷ್ಟು ಅಳಿಯಿತು.

ದಾರಿಯ ಭೇದ ಉಳಿಯಿತು. ಮಧ್ಯಸ್ಥಗಾರರ ತೀರ್ಪು ಒಪ್ಪಿಗೆಯಾಗದಿದ್ದರೆ ಜಿಲ್ಲಾ ನ್ಯಾಯಾಲಯಕ್ಕೆ ಹೋಗಬಹುದು, ಆದರೆ ಅದು ಮೇಲ್ಮನವಿಯಲ್ಲ. ಎಂ. ಹಕೀಮ್ ಪ್ರಕರಣದಲ್ಲಿ 2021ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇಷ್ಟು: ನ್ಯಾಯಾಲಯ ಮಧ್ಯಸ್ಥಿಕೆ ತೀರ್ಪನ್ನು ರದ್ದು ಮಾಡಬಹುದು, ಬೆಲೆಯನ್ನು ತಾನೇ ಹೆಚ್ಚಿಸುವಂತಿಲ್ಲ. ರದ್ದಾದರೆ ಮತ್ತೆ ಮೊದಲಿನಿಂದ, ಮತ್ತೆ ಅದೇ ಕಚೇರಿ. 2025ರ ಏಪ್ರಿಲ್ 30ರಂದು ಸಂವಿಧಾನ ಪೀಠ, ಸೀಮಿತ ಸಂದರ್ಭಗಳಲ್ಲಿ ತಿದ್ದುಪಡಿ ಮಾಡಬಹುದು ಎಂದು ಸ್ವಲ್ಪ ಸಡಿಲಿಸಿದೆ. ಸಾಕ್ಷ್ಯವನ್ನೆಲ್ಲ ಹೊಸದಾಗಿ ತೂಗಿ ಎಕರೆಗೆ ಇಷ್ಟು ಎಂದು ನಿಗದಿ ಮಾಡುವಷ್ಟು ದೊಡ್ಡ ಸಡಿಲಿಕೆ ಅದಲ್ಲ. ತುಮಕೂರು–ಶಿವಮೊಗ್ಗ ಹೆದ್ದಾರಿಗೆ ಅರಸೀಕೆರೆ, ಕಡೂರು, ಬೀರೂರು, ತರೀಕೆರೆಗಳ ಉದ್ದಕ್ಕೂ ಜಮೀನು ಕೊಟ್ಟವರಿಗೂ ಇದೇ ಕತೆ. ಅವರ ಪಕ್ಕದಲ್ಲೇ ಭದ್ರಾ ಮೇಲ್ದಂಡೆಗೆ ಕೊಟ್ಟವರಿಗೆ ಇಷ್ಟು ಬಿಗಿಯಿಲ್ಲ. ಪರಿಹಾರದ ತತ್ವ ಸಮಾನವಾಗಿರಬೇಕೆಂದ ಮೇಲೆ ಅದನ್ನು ಕೇಳುವ ವೇದಿಕೆ ಮಾತ್ರ ಅಸಮಾನವಾಗಿರಬಹುದೇ ಎಂಬ ಪ್ರಶ್ನೆಗೆ ಸಂಸತ್ತು ಉತ್ತರಿಸಬೇಕಿದೆ.

ಗೆದ್ದ ಮೇಲೂ ಹಣ ಕೈಗೆ ಬರುವುದು ಇನ್ನೊಂದು ಅಧ್ಯಾಯ. ಉಪವಿಭಾಗಾಧಿಕಾರಿ ಕಚೇರಿಗೆ ನ್ಯಾಯಾಲಯದ ಅಮೀನರು ಬಂದು ಕುರ್ಚಿ, ಕಂಪ್ಯೂಟರ್, ಜೀಪು ಜಪ್ತಿ ಮಾಡಿದರು ಎಂಬ ಸುದ್ದಿ ಈ ರಾಜ್ಯದ ಜಿಲ್ಲಾ ಪುಟಗಳಲ್ಲಿ ಆಗಾಗ ಬರುತ್ತದೆ, ಓದುಗರು ನಗುತ್ತಾರೆ. ಆ ಹಂತಕ್ಕೆ ಬರಲು, ತೀರ್ಪು ಜಾರಿ ಮಾಡಿಸಲು ಹಾಕುವ ಅಮಲ್ಜಾರಿ ಅರ್ಜಿ, ನೋಟಿಸು, ಅನುದಾನಕ್ಕೆ ಪತ್ರ, ಮತ್ತೆ ವಾಯಿದೆ ಎಂದು ವರ್ಷಗಳು ಸವೆದಿರುತ್ತವೆ. ಹೈಕೋರ್ಟಿನಲ್ಲಿ ಯೋಜನೆಯ ನಿಗಮ ಬಂದು, ನಮ್ಮನ್ನು ಪಕ್ಷಕಾರರನ್ನಾಗಿ ಮಾಡಿಲ್ಲ, ನಮ್ಮ ವಾದ ಕೇಳಿಲ್ಲ ಎಂದರೆ ಪ್ರಕರಣ ಮತ್ತೆ ಕೆಳಗಿಳಿಯುವುದೂ ಉಂಟು. ಬೆಂಗಳೂರು–ಮೈಸೂರು ನೈಸ್ ರಸ್ತೆಗೆಂದು 2003ರಲ್ಲಿ ಅಧಿಸೂಚನೆಯಾದ ಜಮೀನಿನ ಪ್ರಕರಣದಲ್ಲಿ 2025ರ ಜನವರಿ 2ರಂದು ಸುಪ್ರೀಂ ಕೋರ್ಟ್, ವಿಳಂಬ ಅಧಿಕಾರಿಗಳದ್ದಾದ್ದರಿಂದ 2019ರ ಏಪ್ರಿಲ್ 22ರ ಮಾರುಕಟ್ಟೆ ಬೆಲೆಯಲ್ಲಿ ಪರಿಹಾರ ಕೊಡಿ ಎಂದಿತು. ಅದು ತನ್ನ ವಿಶೇಷಾಧಿಕಾರ ಬಳಸಿ ಕೊಟ್ಟ ಆದೇಶ. ಬೇಲೂರಿನ ರೈತ ಅದನ್ನು ಹಿಡಿದುಕೊಂಡು ಹೋದರೆ ತನಗೂ ಹಾಗೆಯೇ ಆಗುತ್ತದೆ ಎಂದು ನಂಬುವುದು ಕಷ್ಟ.

ಇಷ್ಟೆಲ್ಲ ಗೊತ್ತಿರುವುದರಿಂದಲೇ ಸರ್ಕಾರ ಈಗ ಒಪ್ಪಿಗೆ ಐತೀರ್ಪಿನ, ಅಂದರೆ ರೈತನೊಂದಿಗೆ ಬೆಲೆ ಒಪ್ಪಂದ ಮಾಡಿಕೊಳ್ಳುವ ದಾರಿಯ, ಕಡೆ ವಾಲಿದೆ. 2019ರಲ್ಲಿ ರಾಜ್ಯ ತಂದ ತಿದ್ದುಪಡಿ ಇದಕ್ಕೆ ದಾರಿ ಮಾಡಿಕೊಟ್ಟಿತು. ಕೃಷ್ಣಾ ಮೇಲ್ದಂಡೆ ಮೂರನೇ ಹಂತಕ್ಕೆ 2025ರ ಸೆಪ್ಟೆಂಬರ್‌ನಲ್ಲಿ ಸಂಪುಟ ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಖುಷ್ಕಿಗೆ 30 ಲಕ್ಷ ಎಂದು ಘೋಷಿಸಿದ್ದು ಈ ಲೆಕ್ಕಾಚಾರದಿಂದಲೇ. ಆ ಅಂಕಿ ಕೇಳಿದ ಹಾಸನದ ರೈತ, ನಮಗೇಕೆ ಇಲ್ಲ ಎಂದು ಕೇಳುವುದು ಸಹಜ. ಹಣ ಬೇಗ ಬೇಕಾದವರಿಗೆ ಇದು ಒಳ್ಳೆಯ ದಾರಿಯೇ ಹೌದು. ಆದರೆ ಒಪ್ಪಿ ಸಹಿ ಮಾಡಿದವರು ಮತ್ತೆ ಹೆಚ್ಚುವರಿ ಕೇಳಿ ನ್ಯಾಯಾಲಯಕ್ಕೆ ಬರುವಂತಿಲ್ಲ ಎಂಬುದನ್ನು ಕರ್ನಾಟಕದ ಇನ್ನೊಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2005ರಷ್ಟು ಹಿಂದೆಯೇ ಹೇಳಿದೆ. ಒಪ್ಪದೆ ಸಾಮಾನ್ಯ ಐತೀರ್ಪಿನ ಹಣ ಪಡೆಯುವವರಿಗೂ ಒಂದು ಎಚ್ಚರಿಕೆ ಇದೆ. ರಸೀದಿಯಲ್ಲಿ ‘ಆಕ್ಷೇಪಣೆಗೆ ಒಳಪಟ್ಟು ಪಡೆದಿದ್ದೇನೆ’ ಎಂಬ ಸಾಲು ಇಲ್ಲದಿದ್ದರೆ, ಹೆಚ್ಚಿನ ಪರಿಹಾರ ಕೋರುವ ಹಕ್ಕು ಹೊಸ ಕಾಯ್ದೆಯ 77ನೇ ಕಲಂ ಪ್ರಕಾರ ಅಲ್ಲಿಯೇ ಮುಗಿಯುತ್ತದೆ. ಹಣ ಈಗ ಬ್ಯಾಂಕ್ ಖಾತೆಗೆ ನೇರವಾಗಿ ಬೀಳುತ್ತದೆ, ರಸೀದಿ ಎಂಬುದು ಕಚೇರಿ ಕೊಡುವ ಅಚ್ಚಾದ ನಮೂನೆ. ಆ ನಮೂನೆಯಲ್ಲಿ ಈ ಸಾಲು ಇಲ್ಲದಿದ್ದರೆ ಕೈಬರಹದಲ್ಲಿ ಸೇರಿಸಿ, ಸ್ವೀಕೃತಿಯ ಮೊಹರು ಹಾಕಿಸಿಕೊಂಡ ಒಂದು ಪ್ರತಿಯನ್ನು ಮನೆಯಲ್ಲಿ ಇಟ್ಟುಕೊಳ್ಳಬೇಕು.